ತವರಿಗೆ ಹೋದ ಬಾಕ್ಸು

ಗೌರಿ ಹಬ್ಬ ಹತ್ತಿರ ಬಂತೆಂದರೆ ನಮ್ಮಮ್ಮನ ಕಣ್ಣು ಬಾಗಿಲ ಮೇಲೆಯೇ. ಸಾತನೂರಿನ ತವರಿಂದ ಸೋದರಮಾವ ಬಾಗಿನ ತರಬೇಕು, ಅದು ಹೋದ ವರ್ಷಕ್ಕಿಂತ ಒಂದು ಕೈ ಹೆಚ್ಚಿರಬೇಕು, ಎದುರು ಮನೆಯವರು ಅದನ್ನು ನೋಡಬೇಕು. ಮೂರರಲ್ಲಿ ಒಂದು ತಪ್ಪಿದರೂ ಹಬ್ಬ ಕೆಟ್ಟ ಹಾಗೆ. ಅಂಥ ಮನೆಯ ನಡುಮನೆಯಲ್ಲಿ, ಅದೇ ಗೌರಿ ಹಬ್ಬದ ವಾರ, ನನ್ನ ಅತ್ತಿಗೆ ಸೊಂಟದೆತ್ತರದ ಒಂದು ರಟ್ಟಿನ ಬಾಕ್ಸು ತಂದಿಟ್ಟರು. ತವರಿಗೆ ಕಳಿಸುವುದಕ್ಕಂತೆ.

ಅತ್ತಿಗೆಯ ತವರು ಫಿಲಿಪೀನ್ಸ್. ಅಣ್ಣ ದುಬೈಯ ಹೋಟೆಲೊಂದರಲ್ಲಿ ಏ.ಸಿ. ರಿಪೇರಿ ಮಾಡುತ್ತಿದ್ದಾಗ ಅದೇ ಹೋಟೆಲಿನ ಬ್ಯೂಟಿ ಪಾರ್ಲರಿನಲ್ಲಿ ಅವರು ಕೆಲಸಕ್ಕಿದ್ದರು. ಅಲ್ಲೇ ಮದುವೆಯಾಗಿ, ಆಮೇಲೆ ಇಬ್ಬರೂ ಚನ್ನಪಟ್ಟಣಕ್ಕೆ ಬಂದು ಆರು ವರ್ಷವಾಯಿತು. ಈಗ ಅವರದು ರಾಮನಗರದಲ್ಲಿ ಸ್ವಂತ ಪಾರ್ಲರ್. ಕನ್ನಡ ಕಲಿತದ್ದು ಅಮ್ಮನ ಬಾಯಿಂದ, ಹಾಗಾಗಿ ಅದು ಅಪ್ಪಟ ಸಾತನೂರಿನ ಸರಕು. ಬಸ್ ಸ್ಟ್ಯಾಂಡಿನಲ್ಲಿ "ರಾಮ್ನಗ್ರಕ್ಕೆ ಎಷ್ಟೊತ್ಗೆ ಓಯ್ತದಣ್ಣ?" ಎಂದು ಕೇಳಿದರೆ, ಮಾತಾಡಿದ್ದು ಯಾರೆಂದು ಕಂಡಕ್ಟರು ಅವರ ಬೆನ್ನ ಹಿಂದೆ ಹುಡುಕುತ್ತಾನೆ. ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುವ ನಾನು ಅದೇ ಪ್ರಶ್ನೆಯನ್ನು ನಯವಾಗಿ ಕೇಳಿದರೆ ಅವನು ತಿರುಗಿಯೂ ನೋಡುವುದಿಲ್ಲ.

ದೊಡ್ಡವರನ್ನು ಕಂಡರೆ ಅವರ ಕೈ ಹಿಡಿದು ಹಣೆಗೆ ಒತ್ತಿಕೊಳ್ಳುವುದು ಅವರ ಕಡೆಯ ಮರ್ಯಾದೆ. ಮೊದಲ ಸಲ ಹಾಗೆ ಮಾಡಿದಾಗ ಅಮ್ಮ ಗಾಬರಿಯಿಂದ ಕೈ ಕಿತ್ತುಕೊಂಡು, ಬೆರಳಲ್ಲಿ ಉಂಗುರ ಇದೆಯೇ ಎಂದು ನೋಡಿಕೊಂಡಿದ್ದಳು. ಈಗ ಮಠದ ಸ್ವಾಮಿಗಳ ಹಾಗೆ ತಾನೇ ಕೈ ಮುಂದೆ ಚಾಚುತ್ತಾಳೆ. "ನೀನೂ ಇದ್ದೀಯ, ಕಾಲಿಗ್ ಬೀಳು ಅಂದ್ರೆ ಮೊಣಕಾಲ್ ತಟ್ಬುಟ್ಟು ಓಯ್ತೀಯ" ಎಂದು ನನ್ನನ್ನು ಹಂಗಿಸುವುದಕ್ಕೂ ಅದೊಂದು ದಾರಿಯಾಯಿತು.

ಈ ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿದರೆ ಅತ್ತಿಗೆಯ ದೇಶದ ಹೆಂಗಸರು ಐದು ಜನ. ಕನಕಪುರಕ್ಕೆ ಒಬ್ಬರು, ಮಾಗಡಿಗೆ ಒಬ್ಬರು, ಬಿಡದಿ ಕಡೆ ಇಬ್ಬರು, ನಮ್ಮವರು ಒಬ್ಬರು. ತಿಂಗಳಿಗೊಂದು ಭಾನುವಾರ ನಮ್ಮ ಮನೆಯಲ್ಲಿ ಸೇರುತ್ತಾರೆ. ಐವರಿಗೆ ಒಂದು ಸಂಘವೂ ಇದೆ. ಅಧ್ಯಕ್ಷೆ, ಉಪಾಧ್ಯಕ್ಷೆ, ಕಾರ್ಯದರ್ಶಿ, ಖಜಾಂಚಿ, ಸಾಂಸ್ಕೃತಿಕ ಕಾರ್ಯದರ್ಶಿ ಎಲ್ಲರೂ ಇದ್ದಾರೆ, ಬರೀ ಸದಸ್ಯೆ ಅನ್ನಿಸಿಕೊಂಡವರು ಒಬ್ಬರೂ ಇಲ್ಲ. ಇದನ್ನು ನೋಡಿ ನಾನು ನಗಬಾರದು. ನಮ್ಮ ಬಡಾವಣೆಯ ಸಂಘದಲ್ಲಿ ಇನ್ನೂ ಇಬ್ಬರು ಗೌರವಾಧ್ಯಕ್ಷರಿದ್ದಾರೆ. ಅತ್ತಿಗೆಯವರ ಸಭೆಯ ಮುಖ್ಯ ವಿಷಯ, ಹುಳಿ ಹಾಕಿದ ಕೋಳಿ ಸಾರನ್ನು ಯಾರ ಊರಿನಲ್ಲಿ ಚೆನ್ನಾಗಿ ಮಾಡುತ್ತಾರೆ ಎಂಬುದು. ಒಂದು ಸಲವೂ ತೀರ್ಮಾನವಾಗಿಲ್ಲ. ಜಗಳ ಜೋರಾದಾಗ ಸಾಂಸ್ಕೃತಿಕ ಕಾರ್ಯದರ್ಶಿ ಮೈಕು ಹಿಡಿದು ಹಾಡು ಶುರು ಮಾಡುತ್ತಾರೆ, ಬೀದಿಯ ಕೊನೆಯ ಮನೆಯವರೆಗೂ ಸಂಸ್ಕೃತಿ ಹರಡುತ್ತದೆ. ಅವರಿಗೆ ಸೆಪ್ಟೆಂಬರಿನಲ್ಲೇ ಕ್ರಿಸ್ಮಸ್ ಶುರು. ಈ ಸಲ ಅವರು ನಮ್ಮ ತಾರಸಿಗೆ ಕಟ್ಟಿದ ಬಣ್ಣದ ನಕ್ಷತ್ರವನ್ನು ನೋಡಿ, ಗಣೇಶನಿಗೆ ಇಷ್ಟು ಚೆಂದ ಅಲಂಕಾರ ಮಾಡಿದವರು ಯಾರೂ ಇಲ್ಲ ಎಂದು ಗಣೇಶ ಕೂರಿಸುವ ಹುಡುಗರು ಚಂದಾ ಕೇಳಲು ಮೊದಲು ನಮ್ಮ ಮನೆಗೇ ಬಂದರು.

ಬಾಕ್ಸಿನ ಪದ್ಧತಿ ಹೀಗೆ. ಪರದೇಶದಲ್ಲಿರುವ ಮಗಳು ತಿಂಗಳುಗಟ್ಟಲೆ ಒಂದೊಂದೇ ಸಾಮಾನು ಕೂಡಿಟ್ಟು, ಬಾಕ್ಸು ತುಂಬಿ ಹಡಗಿನಲ್ಲಿ ತವರಿಗೆ ಕಳಿಸಬೇಕು. ಕ್ರಿಸ್ಮಸ್ಸಿಗೆ ಮುಂಚೆ ಅದು ತಲುಪಬೇಕು. ಅಲ್ಲಿ ಬೀದಿಯವರೆಲ್ಲ ಸೇರಿದಾಗ ಬಿಚ್ಚಬೇಕು. ಮಗಳು ಬರದಿದ್ದರೂ ನಡೆಯುತ್ತದೆ, ಬಾಕ್ಸು ಬರದಿದ್ದರೆ ಬೀದಿಯಲ್ಲಿ ತಲೆ ಎತ್ತುವಂತಿಲ್ಲ.

ಅಮ್ಮನಿಗೆ ಇದು ತಲೆಕೆಳಗಾದ ಲೋಕ. "ತವರಿಂದ ಮಗ್ಳಿಗೆ ಬರ್ಬೇಕು ಕಣೆ. ಮಗ್ಳಿಂದ ತವರ್ಗೆ ಓಯ್ತದಾ? ಬಾಗ್ನನ ವಾಪಸ್ ಕಳ್ಸಿದಂಗಾಯ್ತು" ಎಂದು ನನ್ನ ಕಿವಿಯಲ್ಲಿ ಗೊಣಗಿದಳು. ದೊಡ್ಡಆಲಹಳ್ಳಿಗೆ ಕೊಟ್ಟಿರುವ ನನ್ನ ದೊಡ್ಡಮ್ಮ ಫೋನಿನಲ್ಲೇ ಉರಿಗೆ ತುಪ್ಪ ಹಾಕಿದಳು: "ಪಾತ್ರೆಪಗಡ ಒಸಿ ನೋಡ್ಕೊಳ್ಳವ್ವ. ಸೊಂಟ್ದುದ್ದ ಬಾಕ್ಸು ಅಂತೀಯ."

ಬಾಕ್ಸು ಹೊರಡುವ ಹಿಂದಿನ ದಿನ ಮಧ್ಯಾಹ್ನ, ಅತ್ತಿಗೆ ಪಾರ್ಲರಿಗೆ ಹೋದ ಮೇಲೆ, ಅಮ್ಮ ತರಕಾರಿ ಚಾಕು ತಂದು ಅಂಟಿಸಿದ್ದ ಟೇಪು ಕೊಯ್ದೇಬಿಟ್ಟಳು. ನಾನು ತಡೆಯಬೇಕಿತ್ತು. ತಡೆಯುವ ಬದಲು ಬಾಗಿಲ ಚಿಲಕ ಹಾಕಿದೆ. ಕುತೂಹಲ ಓದಿದವರನ್ನೂ ಬಿಡುವುದಿಲ್ಲ.

ಒಳಗೆ ನಮ್ಮ ಮನೆಯ ಒಂದು ಚಮಚವೂ ಇರಲಿಲ್ಲ. ಸೋಪು, ಟೂತ್‌ಪೇಸ್ಟು, ಶಾಂಪೂ, ಟವೆಲು, ಚಾಕೊಲೇಟು, ಡಬ್ಬಿಯಲ್ಲಿ ಹಾಕಿದ ಮಾಂಸ, ನೂಡಲ್ಸು. ಎಲ್ಲದರ ಮೇಲೂ ಅರಬ್ಬಿ ಅಕ್ಷರ. ಬಿಡದಿಯ ಗೆಳತಿಯೊಬ್ಬರ ಗಂಡ ಇನ್ನೂ ದುಬೈಯಲ್ಲಿದ್ದ, ರಜೆಗೆ ಬಂದಾಗಲೆಲ್ಲ ತಂದುಕೊಟ್ಟಿದ್ದ. ನಮ್ಮ ಗಂಧದ ಸೋಪು ನಾಲ್ಕಿದ್ದವು, ಅವನ್ನೂ ಕಾಗದ ಸುಲಿದು ಒಂದು ದುಬೈ ಡಬ್ಬದೊಳಗೆ ಹಾಕಿದ್ದರು. ಒಂದಕ್ಕೊಂದು ಕೂಡಿಸಿ ನೋಡಿದ್ದರೆ ಅಲ್ಲೇ ಅರ್ಥವಾಗುತ್ತಿತ್ತು. ನನಗೆ ಆಗಲಿಲ್ಲ.

ಕಳ್ಳತನ ಸಿಗಲಿಲ್ಲವೆಂಬ ಸಮಾಧಾನ ಅಮ್ಮನಿಗೆ ಒಂದು ನಿಮಿಷವೂ ಉಳಿಯಲಿಲ್ಲ. ಹೊಸ ಸಂಕಟ ಹುಟ್ಟಿಕೊಂಡಿತು. "ಅಯ್ಯೋ ಶಿವ್ನೇ, ಸೋಪಾ? ಆ ಬೀದಿಯೋರೆಲ್ಲ ನೋಡೋವಾಗ ಸೋಪು ತೆಗುದ್ರೆ, ನಮ್ಮನ್ನ ಏನಂದ್ಕೋಬೇಕು ಅವ್ರು? ಗತಿ ಇಲ್ದೋರ ಮನೆಗೆ ಮಗ್ಳ ಕೊಟ್ಟವ್ರೆ ಅಂತಾರೆ." ಬೀಗಿತ್ತಿಯನ್ನು ಅವಳು ಇದುವರೆಗೆ ಫೋನಿನಲ್ಲಿಯೂ ಸರಿಯಾಗಿ ಕಂಡಿರಲಿಲ್ಲ. ಆ ಬೀದಿ ಯಾವ ದಿಕ್ಕಿಗಿದೆ ಎಂದೂ ಗೊತ್ತಿರಲಿಲ್ಲ. ಆದರೂ ಆ ಬೀದಿಯವರು ತನ್ನನ್ನು ಒಳ್ಳೆಯ ಮನೆತನದವಳು ಅನ್ನಬೇಕು. ಅಂದಿನಿಂದ ಡಿಸೆಂಬರಿನವರೆಗೆ ಅಮ್ಮನಿಗೆ ಬೇಕಾಗಿದ್ದದ್ದು ಅದೊಂದೇ.

ಅರ್ಧದಷ್ಟು ಸೋಪು, ಎಲ್ಲ ಡಬ್ಬಿ, ಎಲ್ಲ ನೂಡಲ್ಸು ಮಂಚದಡಿಗೆ ಹೋದವು. ಆ ಜಾಗಕ್ಕೆ ಜರಿಯಂಚಿನ ಒಂದು ರೇಷ್ಮೆ ಸೀರೆ ಬಂತು, ಚನ್ನಪಟ್ಟಣದ ಮರದ ಬೊಂಬೆಗಳು ಬಂದವು. ರಾಗಿ ಹುರಿಹಿಟ್ಟು, ಹುರುಳಿಕಾಳು, ಎರಡು ಡಬ್ಬ ನಿಪ್ಪಟ್ಟು ಬಂದವು. ಎಲ್ಲಕ್ಕೂ ಮೇಲೆ, ಬಿಚ್ಚಿದ ಕೂಡಲೇ ಕಾಣುವಂತೆ, ಕೆಂಗಲ್ ಆಂಜನೇಯನ ಗುಡಿಯ ಮುಂದೆ ತೆಗೆಸಿದ ಮನೆಮಂದಿಯ ದೊಡ್ಡ ಫೋಟೊ. ಅದರಲ್ಲಿ ಅಮ್ಮ ಮೈತುಂಬ ಒಡವೆ ಹಾಕಿಕೊಂಡು ನಡುವೆ ನಿಂತಿದ್ದಾಳೆ. ಟೇಪು ಮತ್ತೆ ಅಂಟಿಸಿದವಳು ನಾನು. ಉತ್ತರಪತ್ರಿಕೆಯ ಬಂಡಲಿಗೆ ಸೀಲು ಹಾಕಿ ಪಳಗಿದ ಕೈ, ಯಾರಿಗೂ ಗುರುತು ಸಿಗಲಿಲ್ಲ. ಮಾರನೆಯ ದಿನ ಬಾಕ್ಸು ಎತ್ತುವಾಗ ಅಣ್ಣ ಮಾತ್ರ ಸೊಂಟ ಹಿಡಿದುಕೊಂಡು, "ಏನ್ ಕಲ್ಲು ತುಂಬಿದ್ದೀಯ?" ಎಂದು ಅತ್ತಿಗೆಯನ್ನು ಕೇಳಿದ.

ಡಿಸೆಂಬರಿನ ಒಂದು ಭಾನುವಾರ ಅಲ್ಲಿ ಬಾಕ್ಸು ಬಿಚ್ಚಿದರು, ಇಲ್ಲಿ ನಾವು ವಿಡಿಯೊ ಕಾಲಿನಲ್ಲಿ ನೋಡಿದೆವು. ಸಂಘದ ಪದಾಧಿಕಾರಿಗಳೆಲ್ಲ ಹಾಜರಿದ್ದರು. ಅಣ್ಣ ಮಾತ್ರ ಕೆಲಸಕ್ಕೆ ಹೋಗಿದ್ದ. ಅಮ್ಮ ತಲೆ ಬಾಚಿ, ಹೂ ಮುಡಿದು, ಕರೆಯದಿದ್ದರೂ ಅತ್ತಿಗೆಯ ಪಕ್ಕದಲ್ಲೇ ಕುರ್ಚಿ ಎಳೆದುಕೊಂಡು ಕೂತಳು. ಅತ್ತಿಗೆ ಫೋನನ್ನು ಒಂದಿಷ್ಟು ಆಚೆ ತಿರುಗಿಸಿದರು. ಅಮ್ಮ ಕುರ್ಚಿಯನ್ನೂ ಅಷ್ಟೇ ತಿರುಗಿಸಿದಳು.

ಆ ಕಡೆ ಮಕ್ಕಳು, ಮುದುಕಿಯರು, ಒಂದು ನಾಯಿ, ಇಡೀ ಬೀದಿಯೇ ನೆರೆದಿತ್ತು. ಬೀಗಿತ್ತಿ ಮುಚ್ಚಳ ತೆಗೆದರು. ಫೋಟೊ ಕೈಗೆ ಬಂತು, ಅದರಡಿ ಸೀರೆಯ ಜರಿ ಮಿನುಗಿತು. ಅವರ ನಗು ಅಲ್ಲಿಗೇ ನಿಂತಿತು. ಈ ಕಡೆ ಅತ್ತಿಗೆಯ ಮುಖ ಬಿಳಿಚಿಕೊಂಡಿತು. ಒಬ್ಬ ಮುದುಕಿ ಫೋಟೊಗೆ ಬೆರಳಿಟ್ಟು ಏನೋ ಕೇಳಿದಳು. ಬೀಗಿತ್ತಿ ಗಡಿಬಿಡಿಯಲ್ಲಿ ಎರಡು ಮಾತು ಹೇಳಿದರು. ಎಲ್ಲರೂ ಹೌದೌದೆಂದು ತಲೆಯಾಡಿಸಿದರು.

"ನೋಡ್ದಾ, ಸೀರೆ ನೋಡಿ ಎಂಗ್ ತಲೆದೂಗ್ತಾವ್ರೆ!" ಎಂದು ಅಮ್ಮ ನನಗೆ ಮೊಣಕೈಯಿಂದ ತಿವಿದು, ಫೋನಿನ ಮುಂದೆ ಬಾಗಿ ಇಡೀ ಬೀದಿಗೆ ಕೈ ಮುಗಿದಳು. ಆ ಬೀದಿಯೂ ನಗುತ್ತಾ ಕೈ ಬೀಸಿತು. ಅಧ್ಯಕ್ಷೆ ನೆಲ ನೋಡುತ್ತಿದ್ದರು. ಸಾಂಸ್ಕೃತಿಕ ಕಾರ್ಯದರ್ಶಿ ಎದ್ದು ಬಚ್ಚಲಿಗೆ ಹೋದರು.

ಕಾಲ್ ಮುಗಿದ ಮೇಲೆ ಅತ್ತಿಗೆ ಬಾಕ್ಸಿನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಯಾರು ಬಿಚ್ಚಿದ್ದು, ಯಾರು ಅಂಟಿಸಿದ್ದು ಎಂದು ನಮ್ಮಿಬ್ಬರ ಮುಖ ನೋಡಿಯೇ ತಿಳಿದುಕೊಂಡಿರಬೇಕು. ಅಮ್ಮ ಸುಮ್ಮನಿರಬೇಕಲ್ಲ.

"ನಮ್ಮನ್ನ ಯಾರು ಅಂತ ಕೇಳುದ್ರಲ್ಲ, ನಿಮ್ಮವ್ವ ಏನಂದ್ರು?"

"ಚೆನ್ನಾಗೈತೆ ಅಂದ್ರು ಅತ್ತೆ."

"ಯಾರು ಅಂತ ಕೇಳುದ್ರೆ ಚೆನ್ನಾಗೈತೆ ಅಂತಾರಾ? ಸರ್ಯಾಗೇಳು."

ಮೂರು ಸಲ ಕೇಳಿದ ಮೇಲೆ ಅತ್ತಿಗೆ ಹೇಳಿದರು. ಮಗಳು ಇನ್ನೂ ದುಬೈಯಲ್ಲೇ ಇದ್ದಾಳೆ ಎಂದು ಅವರಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾರೆ. ಆ ಊರಿನಲ್ಲಿ ಇಂಡಿಯಾದವರು ಅಂದರೆ, ಬಡ್ಡಿಗೆ ಸಾಲ ಕೊಟ್ಟು, ಸಂಜೆ ಬೈಕಿನಲ್ಲಿ ಬಂದು ಕಂತಿನ ದುಡ್ಡು ವಸೂಲಿ ಮಾಡಿಕೊಂಡು ಹೋಗುವವರು. ಅವರನ್ನು ಕಂಡರೆ ಹೆಂಗಸರು ಬಾಗಿಲು ಹಾಕಿಕೊಂಡು, ಮನೆಯಲ್ಲಿ ಯಾರೂ ಇಲ್ಲ ಅನ್ನುತ್ತಾರಂತೆ. ಅಂಥ ದೇಶಕ್ಕೆ ಮಗಳು ಸೊಸೆಯಾಗಿ ಹೋದಳು ಎಂದು ಬಾಯಿಬಿಡಲು ಅವರಿಗೆ ನಾಚಿಕೆ.

"ಅದ್ಕೆ, ದುಬೈ ಮನೇಲಿ ಕೆಲ್ಸ ಮಾಡೋರು ಅಂದ್ಬುಟ್ರು" ಎಂದರು ಅತ್ತಿಗೆ. "ಕಸ ಮುಸುರೆ ಮಾಡೋರು."

ಅಮ್ಮ, "ಸೀರೆ ನೋಡಿನೂ ಅಂಗಂದ್ರಾ?" ಎಂದಳು. ಆಮೇಲೆ ಶುರುವಾಯಿತು. ಗದ್ದೆ ಬಂತು, ಹಿಪ್ಪುನೇರಳೆ ತೋಟ ಬಂತು, ಪಟೇಲರಾಗಿದ್ದ ನಮ್ಮ ಮುತ್ತಜ್ಜ ಬಂದ. "ನಮ್ ಮನೆ ಮುಸುರೆ ತಿಕ್ಕೋಕೇ ಇಬ್ರು ಬತ್ತಿದ್ರು! ಮಾಡವ್ವ ಫೋನು, ಈಗ್ಲೇ ಮಾಡು. ಆ ಬೀದಿಯೋರ್ನೆಲ್ಲ ಕರ್ಸು. ನಾನ್ಯಾರು ಅಂತ ನಿಮ್ಮವ್ವನ ಬಾಯಲ್ಲೇ ಏಳುಸ್ತೀನಿ." ನನಗೂ ಸಿಟ್ಟು ಬಂದಿತ್ತು. ಆ ಫೋಟೊದಲ್ಲಿ ನಾನೂ ಇದ್ದೆ, ಎಂ.ಎ. ಮಾಡಿದ ಮುಸುರೆಯವಳು.

ಅತ್ತಿಗೆ ಫೋನನ್ನು ಮಡಿಲಲ್ಲಿಟ್ಟುಕೊಂಡು ತಣ್ಣಗೆ ಹೇಳಿದರು: "ನೀವು ನನ್ನ ನರ್ಸು ಅಂದಿದ್ರಲ್ಲ ಅತ್ತೆ."

ಇದನ್ನು ನಾನು ಮೊದಲೇ ಬರೆಯಬೇಕಿತ್ತು. ನಾಚಿಕೆಗೆ ಬರೆಯಲಿಲ್ಲ. ಅತ್ತಿಗೆ ನಮ್ಮ ಮನೆಗೆ ಬಂದ ಹೊಸತರಲ್ಲಿ ಅಜ್ಜಿ ಹಾಸಿಗೆ ಹಿಡಿದಿದ್ದಳು. ಒಂದು ದಿನ ದೊಡ್ಡಮ್ಮ ಹೇಳದೆ ಕೇಳದೆ ತನ್ನ ಬೀಗರನ್ನು ಕಟ್ಟಿಕೊಂಡು ಬಂದಳು. ಅಣ್ಣನ ಮದುವೆಯ ಸುದ್ದಿ ಅವರಿಗಿನ್ನೂ ಗೊತ್ತಿರಲಿಲ್ಲ. ಅಜ್ಜಿಯ ಪಕ್ಕ ಕೂತಿದ್ದ ಈ ಹೊಸ ಮುಖ ಯಾರೆಂದು ಬೀಗರು ಕೇಳಿದಾಗ ಅಮ್ಮ, "ಅತ್ತೆನ ನೋಡ್ಕೊಳ್ಳೋಕೆ ಮಡಗಿರೋ ನರ್ಸು. ಆ ಕಡೆಯೋರು ಕ್ಲೀನಾಗಿ ನೋಡ್ಕೋತಾರೆ" ಎಂದಳು. ಬೀಗರು ಹೌದೌದೆಂದು ತಲೆಯಾಡಿಸಿದರು. ಸೊಸೆಯೆಂದು ತನ್ನನ್ನು ಪರಿಚಯಿಸುತ್ತಿದ್ದಾರೆ ಎಂದುಕೊಂಡು ಅತ್ತಿಗೆ ಎಲ್ಲರನ್ನೂ ನೋಡಿ ನಕ್ಕರು, ಎದ್ದು ಬಂದು ಒಬ್ಬೊಬ್ಬರ ಕೈಯನ್ನೂ ಹಣೆಗೆ ಒತ್ತಿಕೊಂಡರು, ಒಳಗೆ ಹೋಗಿ ಕಾಫಿ ತಂದುಕೊಟ್ಟರು. ಅಜ್ಜಿ ಹೋದ ಎಷ್ಟೋ ದಿನದ ಮೇಲೂ, ಅತ್ತಿಗೆಗೆ ಕನ್ನಡ ಅರ್ಥವಾಗತೊಡಗಿದ ಮೇಲೂ, ದೊಡ್ಡಮ್ಮನ ಬೀಗರು, ಆ ನರ್ಸು ಎಲ್ಲಿ ಸಿಕ್ಕಿದಳು, ನಮಗೂ ಒಬ್ಬಳು ಬೇಕಿತ್ತು ಎಂದು ಕೇಳುತ್ತಲೇ ಇದ್ದರು.

ಅಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ ಮೆಲ್ಲಗೆ, "ಆವತ್ತು ನಿಂಗೆ ಕನ್ನಡ ಬತ್ತಿರ್ಲಿಲ್ವಲ್ಲವ್ವ" ಎಂದಳು.

"ಇವತ್ತು ನಿಮ್ಗೂ ನಮ್ ಭಾಷೆ ಬತ್ತಿರ್ಲಿಲ್ಲ ಅತ್ತೆ" ಎಂದರು ಅತ್ತಿಗೆ. "ಏನಂದ್ರು ಅಂತ ನೀವು ಕೇಳುದ್ರಿ, ನಾನು ಏಳ್ದೆ. ಆವತ್ತು ನಾನೂ ಕೇಳಿದ್ದೆ."

ಕೇಳಿದ್ದು ನನ್ನನ್ನು. ಕಾಫಿ ಲೋಟ ತೊಳೆಯುತ್ತಾ, ಅತ್ತೆ ತನ್ನ ಬಗ್ಗೆ ಏನು ಹೇಳಿದರು ಎಂದು ಇಂಗ್ಲಿಷಿನಲ್ಲಿ ಆಸೆಯಿಂದ ಕೇಳಿದ್ದರು. ಬಹಳ ಒಳ್ಳೆಯ ಸೊಸೆ ಅಂದರು ಎಂದು ನಾನು ಹೇಳಿದ್ದೆ.