ಬೀಜಿಗೆ ಓದದೆ ಬಿಟ್ಟ ಪುಟಗಳು

ಗೋಧಿ ಹಿಟ್ಟನ್ನು ತುಪ್ಪದಲ್ಲಿ ಹುರಿಯುವಾಗ ಒಂದು ಹದ ಬರುತ್ತದೆ, ಅಡುಗೆ ಮಾಡುವವರಿಗೆ ಗೊತ್ತು. ಹಸಿ ವಾಸನೆ ಹೋಗಿ, ಸೀಯುವುದಕ್ಕೆ ಸ್ವಲ್ಪ ಮೊದಲು, ಮನೆಯೆಲ್ಲ ಘಮ್ಮೆನ್ನುತ್ತದೆ. ನಿನ್ನೆ ಮಧ್ಯಾಹ್ನ ಹಿಲ್ಸ್‌ಬರೋದ ನಮ್ಮ ಮನೆಯಲ್ಲಿ ಲಾಡು ಮಾಡೋಣವೆಂದು ಹಿಟ್ಟು ಹುರಿಯುತ್ತಿದ್ದೆ. ಆ ಘಮ ಬಂದದ್ದೇ ಸೌಟು ಹಿಡಿದು ನಿಂತುಬಿಟ್ಟೆ. ಹಿಟ್ಟು ಸೀದು, ಸ್ಮೋಕ್ ಅಲಾರಂ ಕಿರುಚಿಕೊಂಡಾಗಲೇ ಎಚ್ಚರ. ಮುದುಕಿಗೆ ಮರೆವು ಎಂದು ನೀವು ಅಂದುಕೊಳ್ಳಬಹುದು. ಮರೆವು ಇದ್ದಿದ್ದರೆ ನನಗೆ ಎಷ್ಟೋ ಒಳ್ಳೆಯದಾಗುತ್ತಿತ್ತು.

ಎಪ್ಪತ್ತರ ದಶಕದ ಮೊದಲ ವರ್ಷಗಳ ಮಾತು. ಮದುವೆಯಾಗಿ ಬಂದು ಒಂದೂವರೆ ವರ್ಷವಾಗಿತ್ತು. ನ್ಯೂಯಾರ್ಕಿನ ಎದುರು, ನದಿಯ ಈಚೆ ದಡದ ಫೋರ್ಟ್ ಲೀಯಲ್ಲಿ ಹನ್ನೊಂದನೇ ಮಹಡಿಯ ಅಪಾರ್ಟ್‌ಮೆಂಟು, ಕಿಟಕಿಯ ತುಂಬ ಸೇತುವೆ. ನಮ್ಮವರು ಬೆಳಗ್ಗೆ ಏಳಕ್ಕೆ ಅದನ್ನು ದಾಟಿ ಮ್ಯಾನ್‌ಹ್ಯಾಟನ್‌ಗೆ ಹೋದರೆ ವಾಪಸು ಬರುವುದು ಸಂಜೆ ಏಳಕ್ಕೆ. ನನಗೆ ಡ್ರೈವಿಂಗ್ ಬಾರದು, ನನ್ನ ವೀಸಾದಲ್ಲಿ ಕೆಲಸ ಮಾಡುವ ಹಾಗಿಲ್ಲ, ಮೈಸೂರಿನ ಬಿ.ಎಸ್ಸಿ. ಫಸ್ಟ್ ಕ್ಲಾಸ್ ಸರ್ಟಿಫಿಕೇಟು ಸೂಟ್‌ಕೇಸಿನಲ್ಲಿ ಭದ್ರವಾಗಿ ಮಲಗಿತ್ತು. ಸೇತುವೆಯ ಮೇಲೆ ಹೋಗುವ ಕಾರುಗಳನ್ನು ನೋಡುವುದೇ ನನ್ನ ಉದ್ಯೋಗ.

ಅದೇ ಮಹಡಿಯ ಕೊನೆಯ ಮನೆಯಲ್ಲಿ ಒಬ್ಬ ವಯಸ್ಸಾದ ಸಿಖ್ ಹೆಂಗಸು ಇದ್ದರು. ಪಂಜಾಬಿಗಳು ತಾಯಿಯನ್ನು ಕರೆಯುವ ಹಾಗೆ ಎಲ್ಲರೂ ಅವರನ್ನು ಬೀಜಿ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ, ನಿಜವಾದ ಹೆಸರು ಕೇಳಲೇ ಇಲ್ಲ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಹೆಚ್ಚುಕಮ್ಮಿ ಹೋಗಿತ್ತು. ಆದರೂ ಸೋಫಾದ ಮೂಲೆಯಲ್ಲಿ ಕೂತು ಬರೀ ಬೆರಳ ಅಂದಾಜಿನಲ್ಲಿ ಸ್ವೆಟರ್ ಹೆಣೆಯುತ್ತಿದ್ದರು. ಜೊತೆಗಿದ್ದವಳು ಸೊಸೆ ಸುರಿಂದರ್, ಆಸ್ಪತ್ರೆಯಲ್ಲಿ ನರ್ಸು. ಮಗ ಹಿಂದಿನ ವರ್ಷ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ತೀರಿಹೋಗಿದ್ದ.

ಆ ಮಗನ ಕಥೆಯನ್ನು ಬೀಜಿ ಒಂದೇ ಸಲ ಹೇಳಿದರು. ನಮ್ಮ ಮಾತುಕತೆ ಹಿಂದಿಯಲ್ಲಿ. ಅವರದು ಪಂಜಾಬಿ ಬೆರೆತ ಹಿಂದಿ, ನನ್ನದು ಪರೀಕ್ಷೆ ಕಟ್ಟಿ ಪಾಸು ಮಾಡಿದ ಹಿಂದಿ. ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. ನ್ಯೂಯಾರ್ಕಿನಲ್ಲಿ ಪೇಟ ಕಟ್ಟಿದವನಿಗೆ ಆಫೀಸಿನ ಕೆಲಸ ಸಿಗದೆ ಆತ ಕೂದಲು ಕತ್ತರಿಸಿ, ಗಡ್ಡ ಬೋಳಿಸಿದ. ಅದಾದ ಮೇಲೆ ಊರಿನಿಂದ ಬಂದ ತಾಯಿ, ಏರ್‌ಪೋರ್ಟಿನಲ್ಲಿ ಅವನನ್ನು ಕಂಡವರೇ ಮುಖ ತಿರುಗಿಸಿದರು. ಒಂದೇ ಮನೆಯಲ್ಲಿ ಹನ್ನೊಂದು ತಿಂಗಳು ಅವನ ಜೊತೆ ಮಾತಾಡಲಿಲ್ಲ. ಆಮೇಲೆ ಲಾರಿ.

"ಏಳು ವರ್ಷದವಳಿದ್ದಾಗಿಂದ ಗ್ರಂಥ ಓದಿದ್ದೇನೆ ಮಗಳೇ" ಎಂದರು. "ದೇವರು ತಪ್ಪನ್ನ ಎಣಿಸದೆ ಕ್ಷಮಿಸ್ತಾನೆ ಅಂತ ಪುಟಪುಟದಲ್ಲೂ ಇದೆ. ನಾಲಿಗೆ ಮೇಲಿತ್ತು, ಅಷ್ಟೇ. ಅರ್ಥ ಆಗಿದ್ದು ಅವನ ಹೆಣ ಮನೆಗೆ ಬಂದ ದಿನ."

ಮಗನ ಹೆಸರಿನಲ್ಲಿ ಅವರು ಗ್ರಂಥದ ಪಾಠ, ಅಂದರೆ ನಮ್ಮ ಪಾರಾಯಣದಂಥದ್ದು, ಹಿಡಿದಿದ್ದರು. ಸಿಖ್ಖರು ಗುರುವೆಂದೇ ನಡೆದುಕೊಳ್ಳುವ ಆ ಗ್ರಂಥಕ್ಕೆ ಸಾವಿರದ ನಾನೂರಕ್ಕೂ ಹೆಚ್ಚು ಪುಟ. ದಿನಕ್ಕಿಷ್ಟು ಎಂದು ಓದುತ್ತ ಹೋಗಬಹುದು, ತಿಂಗಳುಗಟ್ಟಲೆ ಹಿಡಿದರೂ ದೋಷವಿಲ್ಲ. ಆದರೆ ಮೊದಲಿನಿಂದ ಕೊನೆಯವರೆಗೆ ಒಂದಕ್ಷರ ಬಿಡದೆ ಮುಗಿಸಬೇಕು. ಊರಿನಿಂದ ತಂದಿದ್ದ ನಾಲ್ಕು ಸಂಪುಟಗಳಲ್ಲಿ ಮೂರನೆಯದರ ನಡುವೆ ಕಣ್ಣು ಕೈಕೊಟ್ಟಿತು. ಸುರಿಂದರ್ ನೈರೋಬಿಯಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಅವಳಿಗೆ ಗುರುಮುಖಿ ಲಿಪಿ ಬಾರದು. "ನೀನು ಕಲಿತೀಯಾ? ಮಗನಿಗೆ ನಾನು ಆಡದೆ ಉಳಿಸಿಕೊಂಡ ಮಾತು ಇಷ್ಟೇ, ಇದೊಂದು ಮುಗೀಬೇಕು" ಎಂದು ಬೀಜಿ ಕೇಳಿದಾಗ ನಾನು ಹೂಂ ಅಂದದ್ದು ಕರುಣೆಯಿಂದ ಎಂದು ಹೇಳಿಕೊಳ್ಳಲು ಆಸೆ. ಮಾಡಲು ಬೇರೆ ಕೆಲಸವಿರಲಿಲ್ಲ.

ನನ್ನ ಅಕ್ಷರಾಭ್ಯಾಸ ಶುರುವಾದದ್ದು ಹಿಟ್ಟಿನಲ್ಲಿ. ಸ್ಟೀಲ್ ತಟ್ಟೆಯಲ್ಲಿ ಗೋಧಿ ಹಿಟ್ಟು ಹರವಿ ಬೀಜಿ ಬೆರಳಿನಿಂದ ಒಂದೊಂದೇ ಅಕ್ಷರ ಬರೆಯುತ್ತಿದ್ದರು, ನಾನು ಅದರ ಮೇಲೆ ತಿದ್ದುತ್ತಿದ್ದೆ. ಚಿಕ್ಕವಳಿದ್ದಾಗ ಅಕ್ಕಿಯ ಮೇಲೆ ಓಂಕಾರ ತಿದ್ದಿಸಿದ್ದು ನೆನಪಾಗಿ ನಗು ಬರುತ್ತಿತ್ತು. ತಿದ್ದಿ ಮುಗಿದ ಮೇಲೆ ಅದೇ ಹಿಟ್ಟನ್ನು ಕಲಸಿ ರೊಟ್ಟಿ ಮಾಡುತ್ತಿದ್ದರು. ಮೂರು ವಾರದಲ್ಲಿ ನಾನು ಆ ಲಿಪಿಯನ್ನೆಲ್ಲ ತಿಂದು ಅರಗಿಸಿಕೊಂಡೆ. "ಏನೇ ಇದು, ಊರಿಂದ ಕನ್ನಡ ಪೇಪರ್ ಕಳಿಸಿದ್ರೆ ಮುಟ್ಟಲ್ಲ, ಪಂಜಾಬಿ ಓದ್ತೀಯಂತೆ!" ಎಂದು ನಮ್ಮವರು ರೇಗಿಸಿದರು.

ಮಧ್ಯಾಹ್ನ ಊಟವಾದ ಮೇಲೆ ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದು, ಬಿಳಿ ಹಾಸಿನ ಮೇಲೆ ಕೂತು ಓದುತ್ತಿದ್ದೆ. ಬೀಜಿ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರುತ್ತಿದ್ದರು. ಮುಗಿದ ಮೇಲೆ ಪುಟಗಳ ನಡುವೆ ಗುರುತಿಗೆಂದು ಉಣ್ಣೆಯ ಎಳೆಯೊಂದನ್ನು ಅವರೇ ಇಟ್ಟು, ಹಿಂದಿನ ದಿನದ್ದನ್ನು ತೆಗೆಯುತ್ತಿದ್ದರು. ಓದಿದ್ದರಲ್ಲಿ ನನಗೆ ತಿಳಿಯುತ್ತಿದ್ದದ್ದು ಹತ್ತಕ್ಕೆ ಎರಡು ಮಾತು. ಅರ್ಥ ಕೇಳಿದರೆ, "ಓದು. ಅದು ಬರೋ ಹೊತ್ತಿಗೆ ಬರುತ್ತೆ. ಅವಸರ ಇಲ್ಲ ಮಗಳೇ" ಎನ್ನುತ್ತಿದ್ದರು.

ಅವಸರ ನನಗಿತ್ತು. ನಮ್ಮವರಿಗೆ ಪಿಸ್ಕಾಟವೇ ಕಡೆ ಕೆಲಸ ಸಿಕ್ಕಿತು. "ಏಪ್ರಿಲ್ ಎಂಡ್‌ಗೆ ಲೀಸ್ ಮುಗಿಯುತ್ತೆ ಕಣೇ, ಮೂವ್ ಮಾಡ್ಬೇಕು" ಎಂದರು. ಆಗ ಕೊನೆಯ ಸಂಪುಟದಲ್ಲಿ ನೂರೈವತ್ತು ಪುಟದ ಮೇಲೆ ಬಾಕಿಯಿತ್ತು. ಮುಗಿಯುವುದಿಲ್ಲ ಎಂದು ಬೀಜಿಗೆ ಹೇಳಬಹುದಿತ್ತು. ಆದರೆ ಮದ್ರಾಸಿ ಹುಡುಗಿ ಗ್ರಂಥ ಓದುತ್ತಾಳೆ ಎಂಬ ಸುದ್ದಿ ನ್ಯೂಯಾರ್ಕಿನ ಕ್ವೀನ್ಸ್‌ನ ಗುರುದ್ವಾರದವರೆಗೂ ಹೋಗಿತ್ತು. ಅರ್ಧಕ್ಕೆ ಬಿಡಲು ನನ್ನ ಜಂಬ ಒಪ್ಪಲಿಲ್ಲ. ಒಂದು ದಿನ ಎರಡು ಹಾಳೆ ಒಟ್ಟಿಗೆ ತಿರುವಿಬಿಟ್ಟೆ. ಏನೂ ಆಗಲಿಲ್ಲ. ಎರಡು ದಿನ ಬಿಟ್ಟು ಮತ್ತೆ ತಿರುವಿದೆ.

"ಇವತ್ತು ಬೇಗ ಮುಗೀತಾ ಮಗಳೇ?"

"ಈಗ ಓದೋದು ರೂಢಿಯಾಗಿದೆ ಬೀಜಿ."

ಅವರು ಉಣ್ಣೆಯ ಎಳೆ ಇಟ್ಟು ಗ್ರಂಥಕ್ಕೆ ಬಟ್ಟೆ ಸುತ್ತಿದರು. ಹಳೆಯ ಎಳೆಗಳು ಕೆಲವು ಹಾಗೇ ಉಳಿದು ಪುಟಗಳಿಂದ ಇಣುಕುತ್ತಿದ್ದವು. ಪಾಪ, ಕಣ್ಣು ಕಾಣದವರು, ತೆಗೆಯಲು ಮರೆತಿದ್ದಾರೆ ಅಂದುಕೊಂಡೆ.

ಏಪ್ರಿಲ್‌ನ ಕೊನೆಯ ಭಾನುವಾರ ಪಾಠದ ಮುಕ್ತಾಯ. ಸೇತುವೆಯಾಚೆಯಿಂದ ಮೂರು ಸಂಸಾರ ಬಂದಿತ್ತು. ಬೀಜಿ ಗೋಧಿ ಹಿಟ್ಟು, ತುಪ್ಪ, ಸಕ್ಕರೆ ಸಮಸಮ ಹಾಕಿ ಪ್ರಸಾದ ಮಾಡಿದರು. ಆ ಘಮ ಲಿಫ್ಟಿನವರೆಗೂ ಬರುತ್ತಿತ್ತು. ನಾನು ಕೊನೆಯ ಪುಟ ಓದಿದೆ. ಎಲ್ಲರೂ ಕೈಮುಗಿದು ನಿಂತರು, ಪ್ರಾರ್ಥನೆಯನ್ನು ಬೀಜಿಯೇ ಹೇಳಿದರು. ಓದಿನಲ್ಲಿ ಒಂದಕ್ಷರ ಹೆಚ್ಚಾಗಿದ್ದರೂ ಕಡಿಮೆಯಾಗಿದ್ದರೂ ಕ್ಷಮಿಸು ಎಂದು ಕೇಳುವುದು ಅದರಲ್ಲಿ ಪದ್ಧತಿ. ಅದನ್ನು ಹೇಳಿ ಬೀಜಿ ನಿಂತರು. ಮತ್ತೆ ಅದನ್ನೇ ಹೇಳಿದರು. ಎಲ್ಲಿದ್ದೇನೆಂದು ಮರೆತರೇನೋ ಎಂದು ನಾನು ಸುರಿಂದರ್ ಕಡೆ ನೋಡಿದೆ. ಅವಳು ನೆಲ ನೋಡುತ್ತಿದ್ದಳು. ಆಮೇಲೆ ಎಲ್ಲರೂ ಮದ್ರಾಸಿ ಹುಡುಗಿಯನ್ನು ಹೊಗಳಿದರು. ನಮ್ಮೂರು ಮೈಸೂರು ಎಂದು ತಿದ್ದಲೂ ಇಲ್ಲ, ಪ್ರಸಾದ ಎರಡು ಸಲ ಹಾಕಿಸಿಕೊಂಡು ತಿಂದೆ.

ಮುಂದಿನ ಚಳಿಗಾಲದಲ್ಲಿ ಬೀಜಿ ತೀರಿಕೊಂಡರು. ಹಿಮ ಕರಗುತ್ತಿದ್ದ ಒಂದು ಬೆಳಗ್ಗೆ ಸುರಿಂದರ್ ಬಸ್ ಹಿಡಿದು ಪಿಸ್ಕಾಟವೇಗೆ ಬಂದಳು. ಮಡಿಲಲ್ಲಿ ಬಟ್ಟೆ ಸುತ್ತಿದ ಕೊನೆಯ ಸಂಪುಟವಿತ್ತು. ನಾನು ಮಾಡಿಕೊಟ್ಟ ಕಾಫಿ ಮುಟ್ಟಲಿಲ್ಲ.

"ಇದನ್ನ ನಿನಗೆ ಕೊಡು ಅಂತ ಬೀಜಿ ಹೇಳಲಿಲ್ಲ. ನಾನೇ ತಂದೆ" ಎಂದಳು. "ನೀನು ಪುಟ ಬಿಟ್ಟ ದಿನವೆಲ್ಲ ಅವರು ಎಳೆಗೊಂದು ಗಂಟು ಹಾಕಿ ಅಲ್ಲೇ ಬಿಟ್ಟಿದ್ದಾರೆ. ಐವತ್ತೆಂಟು ವರ್ಷ ಕೇಳಿದ ಕಿವಿ ಅದು."

ನಾನು ಆರಿದ ಕಾಫಿಯನ್ನೇ ಅವಳ ಮುಂದಕ್ಕೆ ಸರಿಸಿದೆ.

"ಕ್ವೀನ್ಸ್‌ನಿಂದ ಯಾರನ್ನಾದ್ರೂ ಕರೆಸಿ ಆ ಪುಟಗಳನ್ನ ಓದಿಸ್ತೀನಿ ಅಂದೆ. ಬೇಡ ಅಂದ್ರು. ಆಗ ವಿಷಯ ಎಲ್ಲರಿಗೂ ಗೊತ್ತಾಗುತ್ತೆ, ಆ ಹುಡುಗಿ ತಲೆ ಎತ್ತಿ ಓಡಾಡೋದು ಹೇಗೆ ಅಂದ್ರು. ಸಾಯೋವಾಗಲೂ ಪಾಠ ಮುಗೀಲಿಲ್ಲ, ಮುಗೀಲಿಲ್ಲ ಅಂತಲೇ ಇದ್ರು. ಸತ್ತಿದ್ದು ನನ್ನ ಗಂಡ. ನನಗೆ ಓದೋಕೆ ಬರಲ್ಲ. ನಿನಗೆ ಬರುತ್ತೆ."

ಅವಳು ಹೋದ ಮೇಲೆ ಬಟ್ಟೆ ಬಿಚ್ಚಿ ಎಣಿಸಿದೆ. ನನ್ನ ನೆನಪಿನಲ್ಲಿ ಬಿಟ್ಟದ್ದು ನಾಲ್ಕು ಸಲ. ಗಂಟುಗಳು ಒಂಬತ್ತು ಇದ್ದವು. ಓದಬೇಕಿತ್ತು, ಅಂದೇ ಕೂರಬೇಕಿತ್ತು. ನಾಚಿಕೆಯಿಂದ ಸಂಪುಟವನ್ನು ಕಪಾಟಿನ ಮೇಲ್ತಟ್ಟಿಗೆ ಏರಿಸಿದೆ. ಮಕ್ಕಳಾದವು, ಮನೆ ಬದಲಾಯಿತು, ನಮ್ಮವರು ತೀರಿಕೊಂಡರು. ಸುರಿಂದರ್ ಕ್ಯಾಲಿಫೋರ್ನಿಯಾಕ್ಕೆ ಹೋದಳೆಂದು ಯಾರೋ ಹೇಳಿದರು. ನಾನು ಪತ್ರ ಬರೆಯಲಿಲ್ಲ. ಬರೆಯುವುದಕ್ಕೆ ನನ್ನ ಬಳಿ ಏನಿತ್ತು ಹೇಳಿ.

ನಿನ್ನೆ ಸೀದ ಬಾಣಲೆಯನ್ನು ಸಿಂಕಿನಲ್ಲಿ ಹಾಕಿ, ಕೈಕಾಲು ತೊಳೆದು, ತಲೆಯ ಮೇಲೆ ಸೆರಗು ಹೊದ್ದೆ. ಸ್ಟೂಲ್ ಹತ್ತಿ ಸಂಪುಟ ಇಳಿಸಿದೆ. ಮೊದಲ ಗಂಟಿನಿಂದ ಹಿಂದಕ್ಕೆ ಹುಡುಕಿದೆ. ಎರಡು ಹಾಳೆಗಳು ಹೊಸದರಂತೆ ಒಂದಕ್ಕೊಂದು ಅಂಟಿಕೊಂಡಿದ್ದವು. ಬಿಡಿಸಿ ಗಟ್ಟಿಯಾಗಿ ಓದತೊಡಗಿದೆ. ಅಕ್ಷರಗಳು ಒಂದೊಂದಾಗಿ ನೆನಪಿಗೆ ಬಂದವು, ಕೆಲವು ಬರಲಿಲ್ಲ. ನನ್ನ ಕಣ್ಣಿಗೂ ಈಗ ಪೊರೆ. ಆ ಪುಟಗಳಲ್ಲಿ ವಿಶೇಷವೇನೂ ಇರಲಿಲ್ಲ, ಉಳಿದ ಪುಟಗಳ ಹಾಗೇ ಇದ್ದವು. ಓದಿ ಮುಗಿಸುವಾಗ ಸಂಜೆಯಾಗಿತ್ತು. ಅಂದಿನ ನನ್ನ ವೇಗಕ್ಕೆ ಅದು ಹದಿನೈದು ನಿಮಿಷದ ಕೆಲಸ.

ಇನ್ನು ಎಂಟು ಗಂಟು ಇವೆ. ಇವತ್ತು ಊಟವಾದ ಮೇಲೆ ಎರಡನೆಯದಕ್ಕೆ ಕೂರಬೇಕು. ಅವಸರ ಇಲ್ಲ ಮಗಳೇ ಎನ್ನುವವರು ಈಗ ಯಾರೂ ಇಲ್ಲ.