ಕೊಳವೆಯ ಹೊರಮೈ

ಟಪ್, ಟಪ್, ಟಪಟಪ. ನಮ್ಮ ಚಿಕ್ಕಮ್ಮನ ಮನೆ ಕೆಳಗೆ ಗಾಡಿ ತೊಳೆಯುವ ಅಂಗಡಿಯಿದೆ. ಬೆಳಗ್ಗೆ ನೀರು ಜೋರಾಗಿ ಬಿಟ್ಟ ಕೂಡಲೇ ರಬ್ಬರ್ ಪೈಪು ಅಂಗಡಿಯವನ ಕೈಯಿಂದ ಜಾರಿ ಗೋಡೆಗೆ ಬಡಿದುಕೊಳ್ಳುತ್ತದೆ.

"ನಿಮ್ಮ ಪೈಪೂ ಹೀಗೇನಾ, ಪೈಪಮ್ಮ?" ಎಂದು ಚಿಕ್ಕಮ್ಮನನ್ನು ಕೇಳುತ್ತಾನೆ ಅವನು.

"ಹೀಗೇ. ನಿಂದು ಕಣ್ಣಿಗಾದ್ರೂ ಕಾಣತ್ತೆ."

ಚಿಕ್ಕಮ್ಮ ಪ್ರಯೋಗಾಲಯದಲ್ಲಿ ಕೆಲಸ ಮಾಡುವುದು ಕೂದಲಿಗಿಂತ ಸಾವಿರ ಪಟ್ಟು ತೆಳುವಾದ ಕೊಳವೆಗಳ ಮೇಲೆ. ಒಳಗೆ ದ್ರವ ಹರಿಯುತ್ತದೆ. ಕೊಳವೆ ಬಾಗಿದರೆ ಅದರ ಮೈಯಲ್ಲೇ ತುಸು ವಿದ್ಯುತ್ತು ಹುಟ್ಟುತ್ತದೆ. ಆ ಮಿಡಿತ ಓದಿದರೆ ದ್ರವದಲ್ಲಿ ಏನು ಬೆರೆತಿದೆಯೆಂದು ತಿಳಿಯುತ್ತದೆ. ಆದರೆ ವೇಗ ಹೆಚ್ಚಾದರೆ ಕೊಳವೆ ಹುಚ್ಚೆದ್ದು ಹೊಡೆದುಕೊಳ್ಳುತ್ತದೆ. ಯಾವ ವೇಗಕ್ಕೆ ಎಂಬ ಲೆಕ್ಕ ಒಮ್ಮೆಯೂ ತಾಳೆಯಾಗಿರಲಿಲ್ಲ. ಶನಿವಾರವೂ ಆಗದಿದ್ದರೆ ಮೇಜು ಬೇರೆ ತಂಡಕ್ಕೆ ಎಂದು ಅವಳ ಸರ್ ಹೇಳಿಬಿಟ್ಟಿದ್ದರು.

"ಕಾಣದ ಪೈಪಿಗೆ ಮಾಡೋ ಸೇವೇಲಿ ಕಾಲುಭಾಗ ನನಗೆ ಮಾಡಿದ್ರೆ ಮಂಡಿನೋವಾದ್ರೂ ಹೋಗ್ತಿತ್ತು." ಇದು ಅಜ್ಜಿಯ ಕುಟುಕು.

ಚಿಕ್ಕಮ್ಮನಿಗೆ ಕೊಳೆ ಕಂಡರಾಗದು. ಪ್ರತಿ ಪರೀಕ್ಷೆಗೂ ಮುನ್ನ ಕೊಳವೆಗೆ ಆಸಿಡ್ ಸ್ನಾನ. ಒಂದು ಸಂಜೆ ಹಳೆಯ ಫಲಿತಾಂಶಗಳನ್ನೆಲ್ಲ ಪರದೆಯ ಮೇಲೆ ಒಟ್ಟಿಗೆ ಹರಡಿದಾಗ ಅವಳ ಕೈ ನಿಂತಿತು. ಅದೇ ಕೊಳವೆ, ಅದೇ ದ್ರವ. ಆದರೂ ಪ್ರತಿ ಸಲವೂ ಹಿಂದಿನದಕ್ಕಿಂತ ಕಡಿಮೆ ವೇಗದಲ್ಲೇ ಹೊಡೆದುಕೊಂಡಿದೆ. ನಡುವೆ ನಡೆದದ್ದು ಸ್ನಾನ ಮಾತ್ರ. ದಪ್ಪ ಪೈಪಿನಲ್ಲಿ ಹೊರಮೈ ಲೆಕ್ಕಕ್ಕಿಲ್ಲ. ಇಷ್ಟು ತೆಳುವಾದದ್ದರಲ್ಲಿ ಹೊರಮೈ ಬಿಟ್ಟರೆ ಉಳಿಯುವುದೇ ಅಲ್ಪ. ಅದರ ಬಿಗಿಯೇ ಕೊಳವೆಯನ್ನು ನೆಟ್ಟಗೆ ಹಿಡಿದಿತ್ತು. ಅವಳ ಅಕ್ಕರೆಯೇ ಅದನ್ನು ಸಡಿಲಿಸುತ್ತಿತ್ತು.

ಶನಿವಾರ ಹೊಸ ಕೊಳವೆ ಇಟ್ಟಳು, ಬರೀ ನೀರಲ್ಲಿ ತೊಳೆದದ್ದು.

"ಆಸಿಡ್ ಇಲ್ದೆ? ನೀವಾ?" ಸರ್ ಹುಬ್ಬೇರಿಸಿದರು.

ಹೊರಮೈಯ ಬಿಗಿಯನ್ನೂ ಸೇರಿಸಿ ಹಾಕಿದ ಹೊಸ ಲೆಕ್ಕದ ವೇಗವನ್ನು ಅವಳು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು. "ಇಲ್ಲಿವರೆಗೂ ಅಲ್ಲಾಡಲ್ಲ ಸರ್. ಇಲ್ಲಿ ಹೊಡ್ಕೊಳ್ಳತ್ತೆ."

ವೇಗ ಏರಿತು. ಹಳೆಯ ಲೆಕ್ಕದ ಅಂಕಿ ದಾಟಿತು. ಪರದೆಯ ಮೇಲೆ ಮಿಡಿತದ ಗೆರೆ ಮಿಸುಕಲಿಲ್ಲ. ಇಷ್ಟು ದಿನ ಬಾರದಿರಲೆಂದು ಬೇಡಿಕೊಂಡಿದ್ದ ನಡುಕಕ್ಕೆ ಚಿಕ್ಕಮ್ಮ ಈಗ ಕಾದಳು. ಹಲಗೆಯ ಅಂಕಿ ಬಂತು. ಗೆರೆ ಪರದೆ ತುಂಬ ಕುಣಿಯಿತು.

ಸರ್ ಹಲಗೆ ನೋಡಿದರು, ಪರದೆ ನೋಡಿದರು. "ಈ ಮೇಜು ಇನ್ನು ಯಾರೂ ಮುಟ್ಟಲ್ಲ" ಎಂದರು.

ಸಂಜೆ ಅಂಗಡಿಯವನು ಪೈಪು ಸುತ್ತುತ್ತಿದ್ದ. "ಏನಾಯ್ತು ಪೈಪಮ್ಮ?"

"ಹೊಡ್ಕೊಳ್ತು."

"ಅಯ್ಯೋ ಪಾಪ."

"ಪಾಪ ಅಲ್ಲ ಮಾರಾಯ, ಅದೇ ಬೇಕಿತ್ತು." ಅವಳಾಗಲೇ ಮೆಟ್ಟಿಲ ಮೇಲಿದ್ದಳು, ಎರಡೆರಡು ಹತ್ತುತ್ತ. "ತಾಳು, ಮೊದಲು ಅಮ್ಮನಿಗೆ ಹೇಳ್ಬೇಕು, ಕಾಣದ ಪೈಪು ಇವತ್ತು ನನ್ನ ಮಾತು ಕೇಳಿ ಸರಿಯಾಗಿ ಹೊಡ್ಕೊಳ್ತು ಅಂತ!"