ಬಾವಡಿ ಮುಚ್ಚುವ ಮಾತು

ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಾನು ವಿಜಾಪುರದಲ್ಲಿ, ಸಿದ್ಧೇಶ್ವರ ಗುಡಿಗೆ ಹತ್ತಿರದ ಓಣಿಯೊಂದರ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಮನೆ ತಿಕೋಟಾದಲ್ಲಿತ್ತು, ಬೆಳಗಿನ ಬಸ್ಸಿಗೆ ಬಂದು ಸಂಜೆಯ ಬಸ್ಸಿಗೆ ಹೋಗುತ್ತಿದ್ದೆ. ಶಾಲೆಯ ಹಿಂದೆ ಒಂದು ಹಳೆಯ ಬಾವಡಿ. ಕಲ್ಲಿನ ಮೆಟ್ಟಿಲು ಇಳಿದು ನೀರು ಮುಟ್ಟಬೇಕು. ಓಣಿಗೆ ನಳ ಬಂದ ಮೇಲೂ ಹೆಂಗಸರು ಬಟ್ಟೆ ಒಗೆಯಲು ಅಲ್ಲಿಗೇ ಬರುತ್ತಿದ್ದರು.

ಒಂದು ದಿನ ಬೆಂಗಳೂರಿನಿಂದ ಅಧಿಕಾರಿಯೊಬ್ಬರು ಬಂದರು. ಪ್ರವಾಸಿಗಳು ಗುಮ್ಮಟ ನೋಡಿ ತಾಸಿನೊಳಗೆ ಹೊರಟುಬಿಡುತ್ತಾರೆ, ಅವರನ್ನು ಊರೊಳಗೂ ಕರೆತರಲು ಯೋಜನೆ ಮಾಡುತ್ತಿದ್ದೇವೆ ಎಂದರು. ಅವರ ನಕ್ಷೆಯಲ್ಲಿ ಬಾವಡಿಗೆ ಜಾಗವೇ ಇರಲಿಲ್ಲ. ಅದನ್ನು ಮುಚ್ಚಿ ಬಸ್ಸು ನಿಲ್ಲಿಸುವ ಬಯಲು ಮಾಡುವುದೆಂದು ಬರೆದಿತ್ತು. ಓಣಿಯವರ ಅಭಿಪ್ರಾಯ ಕೇಳಬೇಕು, ಶನಿವಾರ ಶಾಲೆ ಬಿಟ್ಟ ಮೇಲೆ ಒಂದು ಕೋಣೆ ಕೊಡಿ, ಜನ ಹೇಳಿದ್ದನ್ನು ಬರೆದುಕೊಡಿ ಎಂದು ನನ್ನನ್ನು ಕೇಳಿಕೊಂಡರು.

ಶನಿವಾರ ಕೋಣೆ ತುಂಬಿತು. ಅಧಿಕಾರಿ ನಕ್ಷೆ ಬಿಡಿಸಿ, "ನಿಮಗೆ ಏನೇನು ಸೌಲಭ್ಯ ಬೇಕು ಹೇಳಿ" ಎಂದರು. ಮುಂದೆ ಕೂತಿದ್ದ ಒಬ್ಬರು, "ತಿಳದಾವ್ರು ನೀವು ಸಾಹೇಬ್ರ, ನೀವ ನೋಡಿ ಮಾಡ್ರಿ" ಎಂದರು.

ಎಲ್ಲರೂ ಅದಕ್ಕೇ ತಲೆಯಾಡಿಸಿದ್ದರಿಂದ ಅಧಿಕಾರಿ ನಕ್ಷೆ ಸುತ್ತತೊಡಗಿದರು. ನನಗೆ ಏನನ್ನಿಸಿತೋ, ಎದ್ದು ನಿಂತೆ. "ನಕ್ಷಾ ಇರ್ಲಿ. ಪರ ಊರಾವ್ರು ಬಂದು ಬಾವಡಿ ಮುಂದ ನಿಂತಾರ ಅಂತ ತಿಳೀರಿ. ಅವ್ರಿಗೆ ನೀವೇನ್ ಕಥಿ ಹೇಳ್ತೀರಿ? ಅದನ್ನ ಹೇಳ್ರಿ" ಎಂದೆ.

ಸ್ಟೇಷನ್ನಿನಿಂದ ಪ್ರವಾಸಿಗಳನ್ನು ಕರೆತರುವ ಟಾಂಗಾದವನು ಮೊದಲು ಎದ್ದ. ರಾಣಿಯ ಕಿವಿಯೋಲೆ ನೀರಿಗೆ ಬಿತ್ತಂತೆ, ಬಾದಶಹಾ ಅಷ್ಟೂ ನೀರು ಹೊರಗೆ ಹಾಕಿಸಿ ಹುಡುಕಿಸಿದನಂತೆ. ಕೈ ಬೀಸಿ ಬೀಸಿ ಹೇಳಿದ. ಜನ ನಕ್ಕರು, ಅಧಿಕಾರಿಯೂ ನಕ್ಕರು. ನಾನು ಒಂದಕ್ಷರ ಬಿಡದೆ ಬರೆದುಕೊಂಡೆ.

ಬಾಗಿಲ ಬಳಿ ಒಬ್ಬ ಮುದುಕಿ ಕೂತಿದ್ದರು. ಗಾಂಧಿ ಚೌಕದಲ್ಲಿ ಬಳೆ ಮಾರುವ ಮುಸಲ್ಮಾನರ ಮನೆಯವರು. "ಅದು ಟಾಂಗಾದಾಗ ಹುಟ್ಟಿದ ಕಥಿ" ಎಂದರು. "ಅದನ್ನ ಬರಕೊಂಡ್ರಿ ಅಕ್ಕೋರ, ನನ್ನದೂ ಬರಕೋರಿ."

ಅವರು ತೊರವಿಯಿಂದ ಮದುವೆಯಾಗಿ ಬಂದವರು. ತವರಿನಲ್ಲಿ ಹಗ್ಗ ಬಿಟ್ಟು ನೀರು ಸೇದಿ ಗೊತ್ತು, ಮೆಟ್ಟಿಲು ಇಳಿದು ಗೊತ್ತಿಲ್ಲ. ಮೊದಲ ದಿನ ಕೊಡ ಹಿಡಿದು ಮೇಲಿನ ಮೆಟ್ಟಿಲಲ್ಲೇ ಅಳುತ್ತ ನಿಂತರಂತೆ. ಪಕ್ಕದ ಮನೆಯ ಲಿಂಗಾಯತರ ಸೊಸೆ, "ಕೆಳಗ ನೋಡಬ್ಯಾಡ, ನನ್ನ ಬೆನ್ನ ನೋಡಕೋಂತ ಇಳಿ" ಎಂದಳಂತೆ. ಅಂದಿನಿಂದ ಇಬ್ಬರೂ ಜೊತೆಯಾಗಿಯೇ ನೀರಿಗೆ ಹೋಗುತ್ತಿದ್ದರು.

"ನನ್ನ ಮಗಳಿಗೆ ಏಳು ವರ್ಷ. ಪಾಚಿ ಮ್ಯಾಲ ಕಾಲಿಟ್ಟಳು, ಜಾರಿದಳು. ಬಾಜೂ ಮನಿ ಆ ಗೆಳತೀನ ಜಿಗದು ಎತ್ತಿಕೊಂಡು ಬಂದ್ಲು. ಜೀವ ಇರಲಿಲ್ಲ. ಅವತ್ತಿನಿಂದ ನಾ ಕೆಳಗ ಇಳದಿಲ್ಲ."

ಅಧಿಕಾರಿ ಮೆಲ್ಲಗೆ, "ಹಾಗಾದರೆ ಮುಚ್ಚಿಬಿಟ್ಟರೆ ನಿಮಗೂ ಸಮಾಧಾನ ಅಲ್ಲವೇನಮ್ಮ?" ಎಂದರು.

"ಇಲ್ರಿ. ಅಲ್ಲೇ ಸತ್ತಾಳ, ಖರೆ. ಅಲ್ಲೇ ಆಡಿ ಬೆಳದಾಳ, ಅದೂ ಖರೆ. ಮುಚ್ಚಿದ್ರ ಎರಡೂ ಹೋಗ್ತಾವ. ಹಿಡಕೊಂಡು ಇಳಿಯಾಕ ಕಬ್ಬಿಣದ ಸಳಿ ಹಾಕಸ್ರಿ, ಸಾಕು."

ಆಮೇಲೆ ಎಲ್ಲರಿಗೂ ಬಾಯಿ ಬಂತು. ಬಸ್ಸು ಈ ಓಣಿಯಲ್ಲಿ ತಿರುಗುವುದೇ ಇಲ್ಲ ಎಂದರು ಒಬ್ಬರು. ಬೆಳಿಗ್ಗೆ ನಾವು ಬಟ್ಟೆ ಒಗೆಯುತ್ತೇವೆ, ಪ್ರವಾಸಿ ಗಂಡಸರನ್ನು ಮಧ್ಯಾಹ್ನದ ಮೇಲೆ ಕರೆತನ್ನಿ ಎಂದರು ಹೆಂಗಸರು. ಬಸ್ಸು ಹೊರಗಿನ ಬಯಲಲ್ಲಿ ನಿಂತರೆ ಅಲ್ಲಿಂದ ತನ್ನ ಟಾಂಗಾ ಓಡೀತು ಎಂದು ಟಾಂಗಾದವನ ಲೆಕ್ಕ. ಅಧಿಕಾರಿ ರಬ್ಬರು ತೆಗೆದು ನಕ್ಷೆಯನ್ನು ಅಲ್ಲೇ ಉಜ್ಜತೊಡಗಿದರು.

ಮನೆಯಲ್ಲಿ ಕೂತು ವರದಿ ಶುದ್ಧ ಮಾಡಿ ಬರೆದೆ. ಸರಕಾರಿ ಕಾಗದವಲ್ಲವೇ ಎಂದುಕೊಂಡು ರಾಣಿಯ ಕಥೆಯನ್ನು ಉದ್ದಕ್ಕೆ ಬರೆದು, ಮುದುಕಿಯದನ್ನು 'ಹಿಂದೆ ಒಂದು ಅಪಘಾತವಾಗಿತ್ತು' ಎಂದು ಒಂದೇ ಸಾಲಿಗೆ ಇಳಿಸಿದ್ದೆ. ಸೋಮವಾರ ಗಾಂಧಿ ಚೌಕಕ್ಕೆ ಹೋಗಿ ಮುದುಕಿಗೆ ಓದಿ ಹೇಳಿದೆ. ಬಳೆಗಳನ್ನು ಜೋಡಿಸುತ್ತಲೇ ಕೇಳಿದರು. ಕೊನೆಗೆ, "ಆಕೀ ವಯಸ್ಸು ಬರದಿಲ್ಲಲ್ರಿ" ಎಂದರು, ಅಷ್ಟೆ. ಆ ಹಾಳೆ ಹರಿದು, ಅವರು ಹೇಳಿದ್ದನ್ನು ಹೇಳಿದಂತೆಯೇ ಮತ್ತೆ ಬರೆದು ಕಳಿಸಿದೆ.

ವರ್ಷದ ಮೇಲಾಯಿತು. ದೊಡ್ಡ ಯೋಜನೆ ಯಾವುದೋ ಕಚೇರಿಯಲ್ಲಿ ಕೂತುಬಿಟ್ಟಿತು. ಆದರೆ ಬಾವಡಿ ಮುಚ್ಚಲು ಯಾರೂ ಬರಲಿಲ್ಲ. ಅಷ್ಟರಲ್ಲಿ ನನಗೆ ಬಬಲೇಶ್ವರಕ್ಕೆ ವರ್ಗವಾಯಿತು. ಹೊರಡುವ ವಾರವೇ ಇಬ್ಬರು ಕೆಲಸದವರು ಬಂದು ಮೆಟ್ಟಿಲ ಪಕ್ಕಕ್ಕೆ ಕಬ್ಬಿಣದ ಸಳಿ ಕೂರಿಸಿದರು. ಹೆಂಗಸರು ಮುದುಕಿಯನ್ನು ಕರೆತಂದರು. ಇಳಿಯುತ್ತಾರೇನೋ ಎಂದು ನಾನು ನೋಡುತ್ತಿದ್ದೆ. ಅವರು ಇಳಿಯಲಿಲ್ಲ. ಎರಡೂ ಕೈಯಿಂದ ಸಳಿ ಹಿಡಿದು ಜಗ್ಗಿ ಜಗ್ಗಿ ನೋಡಿದರು. ಗಟ್ಟಿಯಾಗಿದೆ ಎಂದು ಖಾತ್ರಿಯಾದ ಮೇಲೆ ಸೆರಗಿಗೆ ಕೈ ಒರೆಸಿಕೊಂಡು ಚೌಕದ ಕಡೆಗೆ ನಡೆದರು.